ಮಳೆಯಲ್ಲಿ ಮಾತ್ರ ನಿಲ್ಲುತ್ತಿದ್ದ ಕಾರು: ಸವೆದ ಇಗ್ನಿಷನ್ ಸ್ವಿಚ್ಚಿನ ಒಂದು ಪ್ರಕರಣ

ಈ ಕಾರಿನಲ್ಲಿ ಮೂರು ಸಲ ತಪ್ಪು ಬಿಡಿಭಾಗಗಳನ್ನು ಬದಲಿಸಲಾಯಿತು. ಮೂರು ಸಲವೂ ಕಾರು ಸರಿಹೋಯಿತು. ಪ್ರಕರಣವನ್ನು ಬರೆದಿಡಬೇಕು ಅನ್ನಿಸಿದ್ದು ಇದೇ ಕಾರಣಕ್ಕೆ. ತಪ್ಪು ರಿಪೇರಿಯಿಂದ ದೋಷ ಹಾಗೆಯೇ ಉಳಿದರೆ ಮಾರನೆಯ ದಿನವೇ ಗೊತ್ತಾಗುತ್ತದೆ, ಹುಡುಕಾಟ ಮುಂದುವರಿಯುತ್ತದೆ. ತಪ್ಪು ರಿಪೇರಿಯ ನಂತರವೂ ಕಾರು ವಾರಗಟ್ಟಲೆ ಚೆನ್ನಾಗಿ ಓಡಿದರೆ ಯಾರಿಗೂ ಅನುಮಾನ ಬರುವುದಿಲ್ಲ. ದೋಷ ಮರಳಿದಾಗ ಅದನ್ನು ಹೊಸ ದೋಷವೆಂದೇ ಎಣಿಸುತ್ತಾರೆ.

ಒಡತಿಯ ಗುರುತು, ಕಾರಿನ ತಯಾರಕರು, ಮಾದರಿ, ಮೊದಲು ನೋಡಿದ ಗ್ಯಾರೇಜುಗಳು ಯಾವುವೂ ಇಲ್ಲಿಲ್ಲ. ತಾಂತ್ರಿಕ ವಿವರಗಳನ್ನು ಮಾತ್ರ ಇದ್ದಂತೆಯೇ ಇಟ್ಟಿದ್ದೇನೆ.

ಕಾರು ಮತ್ತು ಅದರ ಹಿನ್ನೆಲೆ

ಇಪ್ಪತ್ತೈದು ವರ್ಷ ದಾಟಿದ ಪೆಟ್ರೋಲ್ ಕಾರು. ಕಾರ್ಬ್ಯುರೇಟರ್, ಎಲೆಕ್ಟ್ರಾನಿಕ್ ಇಗ್ನಿಷನ್, ಕಿಡಿಯನ್ನು ಪ್ಲಗ್ಗುಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್ ಇದ್ದ ಕಾಲದ್ದು. ಏರ್‌ಬ್ಯಾಗ್ ಇಲ್ಲ, ಕೀಲಿಕೈಯಲ್ಲಿ ಚಿಪ್ ಇಲ್ಲ. ಈಗಿನ ಒಡತಿ ಮೂರನೆಯವರು. ಅವರಿಗಿಂತ ಮೊದಲು ಯಾರೋ ಮುಂದಿನ ಬಂಪರಿಗೆ ಎರಡು ಫಾಗ್ ಲ್ಯಾಂಪ್ ಹಾಕಿಸಿದ್ದರು. ಅವುಗಳ ವೈರು ಎಲ್ಲಿಂದ ಬಂದಿದೆ ಎಂದು ಯಾರೂ ನೋಡಿರಲಿಲ್ಲ. ದೀಪ ಉರಿಯುತ್ತಿದ್ದುದರಿಂದ ನೋಡುವ ಅಗತ್ಯವೂ ಬಿದ್ದಿರಲಿಲ್ಲ.

ಇಗ್ನಿಷನ್ ಸ್ವಿಚ್ ಎಂದರೆ ಕೀಲಿಕೈ ತೂರಿಸುವ ತೂತು ಎಂದೇ ಹೆಚ್ಚಿನವರ ಎಣಿಕೆ. ಅಲ್ಲಿರುವುದು ಒಂದರ ಹಿಂದೆ ಒಂದು ಕುಳಿತ ಎರಡು ಬೇರೆ ಭಾಗಗಳು. ಮುಂದಿನದು ಬೀಗ. ಅದರೊಳಗಿನ ಹಿತ್ತಾಳೆಯ ತೆಳು ಪಟ್ಟಿಗಳು ಕೀಲಿಕೈಯ ಹಲ್ಲುಗಳಿಗೆ ಹೊಂದಿಕೊಂಡಾಗ ಸಿಲಿಂಡರ್ ತಿರುಗುತ್ತದೆ. ಸ್ಟೀರಿಂಗನ್ನು ಹಿಡಿದಿಡುವ ಉಕ್ಕಿನ ಅಗುಳಿಯೂ ಇದಕ್ಕೇ ಸೇರಿದೆ. ಅದರ ಹಿಂದೆ, ಚಪ್ಪಟೆಯಾದ ಒಂದು ನಾಲಗೆಯ ತುದಿಯಲ್ಲಿ, ವಿದ್ಯುತ್ ಸ್ವಿಚ್ ಇರುತ್ತದೆ: ಪ್ಲಾಸ್ಟಿಕ್ ಬಿಲ್ಲೆ, ಅದರ ಮೇಲೆ ತಾಮ್ರದ ಸೇತುವೆಗಳು, ಕೆಳಗೆ ಸ್ಪ್ರಿಂಗ್, ಎದುರಿಗೆ ಕಾಂಟ್ಯಾಕ್ಟುಗಳು. ಬೀಗ ಸವೆಯುವುದು ಕೀಲಿಕೈಯ ಉಜ್ಜಾಟದಿಂದ, ಸ್ವಿಚ್ ಸವೆಯುವುದು ಕಿಡಿ ಮತ್ತು ಶಾಖದಿಂದ. ಎರಡರ ಲಕ್ಷಣಗಳೂ ಕೀಲಿಕೈ ಹಿಡಿದ ಬೆರಳುಗಳಿಗೆ ಒಂದೇ ಜಾಗದಲ್ಲಿ ತಿಳಿಯುವುದರಿಂದ ಎರಡನ್ನೂ ಸೇರಿಸಿ 'ಕೀ ಸ್ವಿಚ್ ಹೋಗಿದೆ' ಎಂದುಬಿಡುತ್ತಾರೆ. ಈ ಕಾರಿನಲ್ಲಿ ಎರಡು ಕಡೆಯೂ ಸವೆತವಿತ್ತು, ಆದರೆ ಕಾರನ್ನು ನಿಲ್ಲಿಸುತ್ತಿದ್ದುದು ಒಂದೇ.

ದೂರು, ಮತ್ತು ಮೂರು ರಿಪೇರಿಗಳು

ದೂರು ಸರಳವಾಗಿತ್ತು: ಮಳೆಯಲ್ಲಿ ಓಡುತ್ತಾ ಓಡುತ್ತಾ ಎಂಜಿನ್ ಇದ್ದಕ್ಕಿದ್ದಂತೆ ನಿಲ್ಲುತ್ತದೆ. ರಸ್ತೆ ಬದಿಗೆ ಸರಿಸಿ, ಕೀಲಿಕೈ ಹಿಂದಕ್ಕೆ ತಿರುಗಿಸಿ, ಸ್ವಲ್ಪ ಕಾದು ಮತ್ತೆ ಪ್ರಯತ್ನಿಸಿದರೆ ಏನೂ ಆಗಿಲ್ಲವೆಂಬಂತೆ ಹೊರಡುತ್ತದೆ. ಬಿಸಿಲಿನಲ್ಲಿ ಎಷ್ಟು ದೂರ ಓಡಿಸಿದರೂ ತೊಂದರೆಯಿಲ್ಲ.

ಮಳೆಯಲ್ಲಿ ಕಾರು ನಿಂತಿತು ಎಂದರೆ ಮೆಕ್ಯಾನಿಕ್‌ಗೆ ಮೊದಲು ನೆನಪಾಗುವುದು ಡಿಸ್ಟ್ರಿಬ್ಯೂಟರ್ ಮುಚ್ಚಳ. ಅದರಲ್ಲಿ ಬಿರುಕಿದ್ದು ತೇವ ಸೇರಿದರೆ ಹೈ ವೋಲ್ಟೇಜ್ ಕಿಡಿ ದಾರಿ ತಪ್ಪಿ ಸೋರಿಹೋಗುತ್ತದೆ. ಒಣಗಿದ ಮೇಲೆ ಸರಿಹೋಗುತ್ತದೆ. ದೂರಿಗೆ ಈ ವಿವರಣೆ ಅಚ್ಚುಕಟ್ಟಾಗಿ ಹೊಂದುತ್ತಿತ್ತು. ಮೊದಲ ಗ್ಯಾರೇಜಿನಲ್ಲಿ ಮುಚ್ಚಳ, ರೋಟರ್ ಮತ್ತು ಪ್ಲಗ್ ವೈರುಗಳನ್ನೆಲ್ಲ ಬದಲಿಸಿದರು. ಕಾರು ಸರಿಹೋಯಿತು. ನಂತರದ ಕೆಲವು ಮಳೆಗಳನ್ನು ನಿಲ್ಲದೆ ದಾಟಿತು.

ಎರಡನೆಯ ಸಲ ಲಕ್ಷಣ ಬೇರೆಯಿತ್ತು. ಬೆಳಗ್ಗೆ ಕೀಲಿಕೈಯನ್ನು ಸ್ಟಾರ್ಟ್ ಸ್ಥಾನಕ್ಕೆ ತಿರುಗಿಸಿದರೆ ಸದ್ದೇ ಇಲ್ಲ, ಟಕ್ ಎನ್ನುವುದೂ ಇಲ್ಲ. ಬ್ಯಾಟರಿ ಹಳೆಯದಾಗಿತ್ತು, ಅದನ್ನು ಬದಲಿಸಿದರು. ಜೊತೆಗೆ ಸ್ಟಾರ್ಟರ್‌ನ ಸೊಲೆನಾಯ್ಡನ್ನೂ (ಸ್ಟಾರ್ಟರ್ ಮೋಟರಿಗೆ ಕರೆಂಟ್ ಕೊಡುವ ವಿದ್ಯುತ್ಕಾಂತದ ಸ್ವಿಚ್) ಬದಲಿಸಿದರು. ಮತ್ತೆ ಸರಿಹೋಯಿತು.

ಮೂರನೆಯ ದೂರು ನನಗೆ ಎಲ್ಲಕ್ಕಿಂತ ಕುತೂಹಲದ್ದು. ಮಳೆಯ ರಾತ್ರಿಗಳಲ್ಲಿ ಡ್ಯಾಶ್‌ಬೋರ್ಡಿನ ಬ್ಯಾಟರಿ ಚಿಹ್ನೆಯ ಕೆಂಪು ದೀಪ ಮಂಕಾಗಿ ಉರಿಯುತ್ತದೆ; ಪೂರ್ತಿ ಹೊತ್ತಿಕೊಳ್ಳುವುದಿಲ್ಲ, ಪೂರ್ತಿ ಆರುವುದೂ ಇಲ್ಲ. ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲವೆಂದು ತೀರ್ಮಾನಿಸಿ ಅದನ್ನು ಬಿಚ್ಚಿ, ಬ್ರಷ್ ಮತ್ತು ರೆಗ್ಯುಲೇಟರ್ ಬದಲಿಸಿ ಕೂರಿಸಿದರು. ದೀಪ ಆರಿತು. ಕೆಲವು ವಾರಗಳ ನಂತರ, ಒಂದು ಜಡಿಮಳೆಯ ಸಂಜೆ, ವೇಗವಾಗಿ ಓಡುತ್ತಿದ್ದಾಗ ಎಂಜಿನ್ ಮತ್ತೆ ನಿಂತಿತು.

ಈ ಮೂರು ತೀರ್ಮಾನಗಳಲ್ಲಿ ಯಾವುದನ್ನೂ ದಡ್ಡತನ ಎನ್ನಲಾರೆ. ಒಂದೊಂದೂ ಆಯಾ ಲಕ್ಷಣಕ್ಕೆ ಒಪ್ಪುವಂಥದ್ದೇ ಆಗಿತ್ತು. ಮೂರು ಲಕ್ಷಣಗಳನ್ನು ಒಟ್ಟಿಗೆ ಇಟ್ಟು ನೋಡುವ ಸಂದರ್ಭ ಮಾತ್ರ ಯಾರಿಗೂ ಬರಲಿಲ್ಲ, ಏಕೆಂದರೆ ನಡುವೆ ಕಾರು ಸರಿಹೋಗುತ್ತಿತ್ತು.

ಮಗ ಕಂಡ ಸಂಗತಿ

ತಿರುವು ಬಂದದ್ದು ಗ್ಯಾರೇಜಿನಲ್ಲಲ್ಲ. ಆ ಜಡಿಮಳೆಯ ಸಂಜೆ ಒಡತಿಯ ಪಕ್ಕದಲ್ಲಿ ಅವರ ಮಗ ಕುಳಿತಿದ್ದ. ಕಾರು ನನ್ನ ಬಳಿ ಬಂದಾಗ ನಾನು ಮೊದಲು ಕೇಳಿದ್ದು, ನಿಂತ ಕ್ಷಣದಲ್ಲಿ ಏನೇನು ಆರಿತು, ಏನೇನು ಉಳಿಯಿತು ಎಂದು. ಒಡತಿಗೆ ನೆನಪಿರಲಿಲ್ಲ, ಗಾಬರಿಯಲ್ಲಿ ಅದು ಸಹಜ. ಮಗ ಹೇಳಿದ: "ಅಮ್ಮಾ, ಹೆಡ್‌ಲೈಟ್ ಉರಿಯುತ್ತಲೇ ಇತ್ತಲ್ಲ. ವೈಪರ್ ಅರ್ಧಕ್ಕೆ ನಿಂತಿತು, ರೇಡಿಯೋ ನಿಂತಿತು. ಮೀಟರಿನ ಕೆಂಪು ದೀಪಗಳು ಒಂದೂ ಬರಲಿಲ್ಲ."

ಈ ಮೂರು ವಾಕ್ಯಗಳಲ್ಲಿ ದೋಷದ ವಿಳಾಸ ಹೆಚ್ಚುಕಡಿಮೆ ಪೂರ್ತಿ ಇದೆ.

ಡಿಸ್ಟ್ರಿಬ್ಯೂಟರ್‌ಗೆ ತೇವ ಹಿಡಿದೋ ಪೆಟ್ರೋಲ್ ಬರದೆಯೋ ಎಂಜಿನ್ ನಿಂತರೆ ಇಗ್ನಿಷನ್ ಆನ್ ಆಗಿಯೇ ಇರುತ್ತದೆ. ಎಂಜಿನ್ ತಿರುಗುವುದು ನಿಂತೊಡನೆ ಎಣ್ಣೆ ಒತ್ತಡದ ದೀಪ, ಬ್ಯಾಟರಿ ದೀಪ ಎರಡೂ ಹೊತ್ತಿಕೊಳ್ಳಲೇಬೇಕು. ಅವು ಹೊತ್ತಿಕೊಳ್ಳಲಿಲ್ಲವೆಂದರೆ ಆ ದೀಪಗಳಿಗೂ ವಿದ್ಯುತ್ ಇರಲಿಲ್ಲ. ಹೆಡ್‌ಲೈಟ್ ಉರಿಯುತ್ತಲೇ ಇದ್ದುದರಿಂದ ಬ್ಯಾಟರಿ, ಅದರ ಕೇಬಲ್ಲುಗಳು, ಅರ್ಥಿಂಗ್ ಎಲ್ಲವೂ ಸರಿ. ಈ ಕಾರಿನಲ್ಲಿ ಹೆಡ್‌ಲೈಟಿಗೆ ವಿದ್ಯುತ್ ಹೋಗುವುದು ಇಗ್ನಿಷನ್ ಸ್ವಿಚ್ಚನ್ನು ಹಾಯದೆ. ಎಲ್ಲ ಕಾರುಗಳಲ್ಲಿಯೂ ಹಾಗಿರುವುದಿಲ್ಲ, ವೈರಿಂಗ್ ನಕ್ಷೆ ನೋಡಿಯೇ ಹೇಳಬೇಕು. ಇಲ್ಲಿ ಸತ್ತದ್ದು ಇಗ್ನಿಷನ್ ಸ್ವಿಚ್ಚನ್ನು ಹಾದು ಹೋಗುವಷ್ಟೂ, ಬದುಕಿದ್ದು ಅದನ್ನು ಬಿಟ್ಟು ಹೋಗುವಷ್ಟೂ.

ಎಂಜಿನ್ ನಿಂತ ರೀತಿಯನ್ನೂ ಕೇಳಿದೆ. ಪೆಟ್ರೋಲ್ ಕಡಿಮೆಯಾದಾಗ ಎಂಜಿನ್ ಮುಗ್ಗರಿಸುತ್ತದೆ, ಜಗ್ಗುತ್ತದೆ, ಆಮೇಲೆ ನಿಲ್ಲುತ್ತದೆ. ಇದು ಹಾಗಲ್ಲ, ಯಾರೋ ಕೀಲಿಕೈ ತಿರುಗಿಸಿದ ಹಾಗೆ ನಿಂತಿತು ಎಂದರು ಒಡತಿ. ಅದಕ್ಕೂ ಮೊದಲು ರಸ್ತೆಯ ಒಂದು ಸಣ್ಣ ಹಳ್ಳ ಹಾದಂತಾಗಿತ್ತು ಎಂಬುದನ್ನು ಮಗ ಸೇರಿಸಿದ.

ಅಳತೆ

ಅನುಮಾನ ಬಲವಾಗಿತ್ತು, ಆದರೂ ಸ್ವಿಚ್ ತರಿಸಲು ಹೇಳಲಿಲ್ಲ. ಮೂರು ಸಲ ಅನುಮಾನದ ಮೇಲೆ ಬಿಡಿಭಾಗ ಬದಲಾಗಿದ್ದ ಕಾರಿನಲ್ಲಿ ನಾಲ್ಕನೆಯದನ್ನೂ ಹಾಗೆಯೇ ಬದಲಿಸಿದರೆ ಅದೂ ಕೆಲವು ವಾರ ಸರಿಹೋಗುವ ಸಾಧ್ಯತೆಯಿತ್ತು, ನಿಜವಾದ ಕಾರಣ ಬೇರೆಯಾಗಿದ್ದರೂ.

ಇಂಥ ದೋಷವನ್ನು ಟೆಸ್ಟ್ ಲ್ಯಾಂಪ್‌ನಿಂದ ಹಿಡಿಯಲಾಗುವುದಿಲ್ಲ. ಆ ಪುಟ್ಟ ಬಲ್ಬಿಗೆ ಬೇಕಾಗುವುದು ಅರ್ಧ ಆಂಪಿಯರ್‌ಗಿಂತಲೂ ಕಡಿಮೆ. ಕಾಂಟ್ಯಾಕ್ಟ್ ಎಷ್ಟು ಸುಟ್ಟಿದ್ದರೂ ಅಷ್ಟು ಕರೆಂಟ್ ದಾಟಿಕೊಂಡು ಬರುತ್ತದೆ, ಬಲ್ಬು ಚೆನ್ನಾಗಿಯೇ ಉರಿಯುತ್ತದೆ. ಸಾಮಾನ್ಯ ಮಲ್ಟಿಮೀಟರ್‌ನಲ್ಲಿ ರೋಧ ಅಳೆದರೂ ಇದೇ ಪಾಡು: ಮೀಟರಿನ ತಂತಿಗಳ ರೋಧವೇ ಹುಡುಕುತ್ತಿರುವ ರೋಧಕ್ಕಿಂತ ಹೆಚ್ಚಿರುತ್ತದೆ. ಮಾಡಬೇಕಾದ್ದು ವೋಲ್ಟೇಜ್ ನಷ್ಟದ ಅಳತೆ. ಹೊರೆ (ಕರೆಂಟ್ ಎಳೆಯುವ ಉಪಕರಣಗಳು) ಹಾಕಿ, ಕರೆಂಟ್ ಹರಿಯುತ್ತಿರುವಾಗಲೇ, ಸ್ವಿಚ್ಚಿನ ಒಳಬರುವ ತುದಿಗೆ ಮೀಟರಿನ ಒಂದು ಕಡ್ಡಿ, ಹೊರಹೋಗುವ ತುದಿಗೆ ಇನ್ನೊಂದು. ಯುರೋಪಿನ ಕಾರುಗಳ ನಕ್ಷೆಗಳಲ್ಲಿ ಇವಕ್ಕೆ 30 ಮತ್ತು 15 ಎಂಬ ಸಂಖ್ಯೆಗಳಿರುತ್ತವೆ. ಸ್ಟಾರ್ಟರ್‌ಗೆ ಹೋಗುವುದು 50. ಒಳ್ಳೆಯ ಕಾಂಟ್ಯಾಕ್ಟಿನಲ್ಲಿ ನಷ್ಟ 0.1 ಅಥವಾ 0.2 ವೋಲ್ಟ್ ದಾಟಬಾರದು.

ಎಂಜಿನ್ ಮಾತ್ರ ಓಡುತ್ತಿದ್ದಾಗ, ಅಂದರೆ ಸುಮಾರು 5 ಆಂಪಿಯರ್ ಹರಿಯುತ್ತಿದ್ದಾಗ, ಮೀಟರ್ 0.3 ವೋಲ್ಟ್ ತೋರಿಸಿತು. ತುಸು ಹೆಚ್ಚು, ಗಾಬರಿಯಾಗುವಂಥದ್ದೇನಲ್ಲ. ನಂತರ ಮಳೆಯಲ್ಲಿ ಓಡಿಸುವಾಗ ಹಾಕುವುದನ್ನೆಲ್ಲ ಒಂದೊಂದಾಗಿ ಹಾಕಿದೆವು: ವೈಪರ್, ಬ್ಲೋವರ್, ಹಿಂದಿನ ಗಾಜಿನ ಮಂಜು ಕರಗಿಸುವ ಡಿಫಾಗರ್, ಕೊನೆಗೆ ಫಾಗ್ ಲ್ಯಾಂಪ್. ಒಂದೊಂದು ಗುಂಡಿ ಒತ್ತಿದಾಗಲೂ ನಷ್ಟ ಏರುತ್ತಾ ಹೋಯಿತು. ಎಲ್ಲವೂ ಆನ್ ಆದಾಗ 35 ಆಂಪಿಯರ್‌ನ ಆಸುಪಾಸು ಹರಿಯುತ್ತಿತ್ತು, ನಷ್ಟ 2 ವೋಲ್ಟ್ ದಾಟಿತ್ತು. 2 ವೋಲ್ಟನ್ನು 35 ಆಂಪಿಯರ್‌ನಿಂದ ಗುಣಿಸಿದರೆ 70 ವಾಟ್. ದೊಡ್ಡದೊಂದು ಸಾಲ್ಡರಿಂಗ್ ಕಬ್ಬಿಣವನ್ನು ಪ್ಲಾಸ್ಟಿಕ್ ಡಬ್ಬಿಯೊಳಗಿಟ್ಟು ಮುಚ್ಚಿದ ಹಾಗೆ. ಹೊತ್ತು ಕಳೆದಂತೆ ಅಂಕಿ ಮೆಲ್ಲನೆ ಮೇಲಕ್ಕೆ ಹೋಗುತ್ತಿತ್ತು. ಕೀಲಿಕೈಯನ್ನು ಬೆರಳಿನಿಂದ ಪಕ್ಕಕ್ಕೆ ಒತ್ತಿದರೆ ಮೀಟರ್ ಕುಣಿಯಿತು. ಒಮ್ಮೆ ಎಂಜಿನ್ ನಿಂತೇಬಿಟ್ಟಿತು. ಕೀಲಿಕೈಯ ಬುಡ ಮುಟ್ಟಿದರೆ ಬೆಚ್ಚಗಿತ್ತು.

ಡ್ಯಾಶ್‌ಬೋರ್ಡಿನಲ್ಲಿ ಆಗ ಬ್ಯಾಟರಿ ದೀಪ ಮಂಕಾಗಿ ಉರಿಯುತ್ತಿತ್ತು, ಮೂರನೆಯ ದೂರಿನಲ್ಲಿದ್ದಂತೆಯೇ. ಈ ದೀಪದ ಒಂದು ತುದಿ ಇಗ್ನಿಷನ್ ಸ್ವಿಚ್ಚಿನ ಹೊರತುದಿಗೆ ಸೇರಿದೆ, ಇನ್ನೊಂದು ತುದಿ ಆಲ್ಟರ್ನೇಟರ್‌ಗೆ. ಆಲ್ಟರ್ನೇಟರ್ ಸರಿಯಾಗಿ ಕೆಲಸ ಮಾಡುವಾಗ ಎರಡು ತುದಿಗಳಲ್ಲಿಯೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್ ಇರುವುದರಿಂದ ದೀಪ ಆರಿರುತ್ತದೆ. ಸ್ವಿಚ್ಚಿನ ಕಡೆ 2 ವೋಲ್ಟ್ ಕುಸಿದರೆ ಕರೆಂಟ್ ಆಲ್ಟರ್ನೇಟರ್ ಕಡೆಯಿಂದ ತಿರುಗಿ ಹರಿದು ದೀಪ ಮಂಕಾಗಿ ಹೊತ್ತಿಕೊಳ್ಳುತ್ತದೆ. ದೀಪ ಹೇಳುತ್ತಿದ್ದುದು ಆಲ್ಟರ್ನೇಟರ್ ಚೆನ್ನಾಗಿದೆ, ಇಗ್ನಿಷನ್ ದಾರಿಯಲ್ಲಿ ವೋಲ್ಟೇಜ್ ನಷ್ಟವಿದೆ ಎಂದು. ಅದರ ಮೇಲಿನ ಚಿತ್ರ ಬ್ಯಾಟರಿಯದು. ಓದಿದವರು ಚಿತ್ರವನ್ನು ನಂಬಿದರು. ಬ್ಯಾಟರಿಯ ತುದಿಗಳಲ್ಲಿ ಒಮ್ಮೆ ವೋಲ್ಟೇಜ್ ನೋಡಿದ್ದರೆ 14ರ ಆಸುಪಾಸು ಕಾಣುತ್ತಿತ್ತು, ಆಲ್ಟರ್ನೇಟರ್ ಬಿಚ್ಚುವ ಕೆಲಸ ಉಳಿಯುತ್ತಿತ್ತು.

ಮಳೆಗೂ ದೋಷಕ್ಕೂ ಇದ್ದ ನಂಟೂ ಇಲ್ಲಿಗೆ ಬಿಡಿಸಿಕೊಂಡಿತು. ನೀರು ಎಲ್ಲಿಯೂ ಒಳಗೆ ಹೋಗಿರಲಿಲ್ಲ. ಮಳೆ ಬಂದಾಗ ಒಡತಿ ವೈಪರ್, ಬ್ಲೋವರ್, ಡಿಫಾಗರ್, ಫಾಗ್ ಲ್ಯಾಂಪ್ ಎಲ್ಲವನ್ನೂ ಹಾಕುತ್ತಿದ್ದರು. ಅವೆಲ್ಲವೂ ಒಂದೇ ಕಾಂಟ್ಯಾಕ್ಟಿನ ಮೂಲಕ ಕರೆಂಟ್ ಎಳೆಯುತ್ತಿದ್ದವು. ಅದು ಕಾದು, ಬುಡದ ಪ್ಲಾಸ್ಟಿಕ್ ಮೆತ್ತಗಾಗಿ, ಒಂದು ಹಳ್ಳದ ಕುಲುಕಿಗೆ ಕಳಚಿಕೊಳ್ಳುತ್ತಿತ್ತು. ರಸ್ತೆ ಬದಿಯಲ್ಲಿ ಕಾಯುವಾಗ ತಣ್ಣಗಾಗಿ ಮತ್ತೆ ಕೂಡಿಕೊಳ್ಳುತ್ತಿತ್ತು.

ತಪ್ಪು ರಿಪೇರಿಗಳು ಫಲಿಸಿದ್ದು ಹೇಗೆ

ಸ್ವಿಚ್ಚಿನ ತಾಮ್ರದ ಸೇತುವೆ ಪ್ರತಿ ಸಲ ತಿರುಗುವಾಗಲೂ ಎದುರಿನ ಕಾಂಟ್ಯಾಕ್ಟಿನ ಮೇಲೆ ಉಜ್ಜಿಕೊಂಡು ಹೋಗುತ್ತದೆ. ಅದನ್ನು ಹಾಗೆ ಮಾಡಿರುವುದೇ ಮೇಲೆ ಕೂಡುವ ಆಕ್ಸೈಡ್ ಪದರ ಕೆರೆದುಹೋಗಲಿ ಎಂದು. ಗ್ಯಾರೇಜಿಗೆ ಬಂದ ಕಾರಿನಲ್ಲಿ ಕೀಲಿಕೈ ಎಷ್ಟು ಸಲ ತಿರುಗುತ್ತದೆ ನೆನೆಯಿರಿ: ದೋಷ ಕಾಣಲೆಂದು, ಕಾರನ್ನು ಸರಿಸಲೆಂದು, ಹೊಸ ಭಾಗ ಹಾಕಿದ ಮೇಲೆ ಪರೀಕ್ಷಿಸಲೆಂದು, ಮಾಲೀಕರಿಗೆ ತೋರಿಸಲೆಂದು. ಡಿಸ್ಟ್ರಿಬ್ಯೂಟರ್ ಮುಚ್ಚಳ ಬದಲಿಸಿದವರೂ ಬ್ಯಾಟರಿ ಬದಲಿಸಿದವರೂ ಆಲ್ಟರ್ನೇಟರ್ ಕೂರಿಸಿದವರೂ ತಮಗೆ ಗೊತ್ತಿಲ್ಲದೆ ಸ್ವಿಚ್ಚನ್ನು ಕೆರೆದು ಶುಚಿಮಾಡಿದ್ದರು. ಕೆಲವು ವಾರಗಳ ನೆಮ್ಮದಿ ಬಂದದ್ದು ಅದರಿಂದ.

ಬಂದು ಹೋಗುವ ವಿದ್ಯುತ್ ದೋಷಗಳಲ್ಲಿ 'ಬದಲಿಸಿದೆವು, ಸರಿಹೋಯಿತು' ಎಂಬ ಪುರಾವೆಗೆ ಈ ಕಾರಣದಿಂದ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಕನೆಕ್ಟರ್ ಎಳೆದು ಮತ್ತೆ ಚುಚ್ಚಿದರೂ, ಬ್ಯಾಟರಿ ಕೇಬಲ್ ಬಿಚ್ಚಿ ಬಿಗಿಮಾಡಿದರೂ ಇಂಥ ದೋಷ ಕೆಲಕಾಲ ಅಡಗುತ್ತದೆ. ಬದಲಿಸುವ ಮೊದಲು ಒಂದು ಅಂಕಿ, ಬದಲಿಸಿದ ಮೇಲೆ ಅದೇ ಹೊರೆಯಲ್ಲಿ ಇನ್ನೊಂದು ಅಂಕಿ ಕೈಯಲ್ಲಿದ್ದರೆ ಮಾತ್ರ ಏನಾಯಿತೆಂದು ಹೇಳಲು ಬರುತ್ತದೆ.

ಯಾವ ದಾರಿ ಹಿಡಿಯುವುದು

ನಕ್ಷೆಯಂತೆ ಈ ಕಾರಿನ ವಿದ್ಯುತ್ ಸ್ವಿಚ್ ಬೀಗದ ಹಿಂಭಾಗಕ್ಕೆ ಎರಡು ಸಣ್ಣ ಸ್ಕ್ರೂಗಳಿಂದ ಕೂತಿತ್ತು. ಸ್ಟೀರಿಂಗ್ ಕಾಲಮ್ಮಿನ ಪ್ಲಾಸ್ಟಿಕ್ ಹೊದಿಕೆ ತೆಗೆದರೆ ಸಾಕು. ಬೀಗದ ಇಡೀ ಜೋಡಣೆಯನ್ನು ಬದಲಿಸಬೇಕಾಗಿದ್ದರೆ ಮಾತು ಬೇರೆ: ಅದನ್ನು ಹಿಡಿದಿರುವ ಬೋಲ್ಟುಗಳ ತಲೆ ಬಿಗಿ ಮಾಡುವಾಗಲೇ ಮುರಿದುಹೋಗುವಂತೆ ಮಾಡಿರುತ್ತಾರೆ, ಕಳ್ಳರು ಸುಲಭವಾಗಿ ಬಿಚ್ಚದಿರಲೆಂದು. ಅವನ್ನು ಕೊರೆದು ತೆಗೆಯಬೇಕು.

ಮೊದಲು ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆದಿಟ್ಟೆವು. ಕೀಲಿಕೈ ಹೊರಗಿದ್ದರೂ ಸ್ವಿಚ್ಚಿಗೆ ಬರುವ ದಪ್ಪ ವೈರಿನಲ್ಲಿ ಸದಾ ಕರೆಂಟ್ ಇರುತ್ತದೆ, ಹಳೆಯ ಕಾರುಗಳಲ್ಲಿ ಎಷ್ಟೋ ಸಲ ಅದಕ್ಕೆ ಫ್ಯೂಸ್ ಕೂಡ ಇರುವುದಿಲ್ಲ. ಏರ್‌ಬ್ಯಾಗ್ ಇರುವ ಕಾರಾದರೆ ಕೇಬಲ್ ತೆಗೆದ ಮೇಲೆ ತಯಾರಕರ ಪುಸ್ತಕ ಹೇಳುವಷ್ಟು ಹೊತ್ತು ಕಾದೇ ಕಾಲಮ್ಮಿಗೆ ಕೈ ಹಾಕಬೇಕು.

ಹೊರಬಂದ ಸ್ವಿಚ್ಚಿನ ಕನೆಕ್ಟರ್ ಒಂದು ಮೂಲೆಯಲ್ಲಿ ಕಂದಾಗಿ ಸುಕ್ಕುಗಟ್ಟಿತ್ತು. ಡಬ್ಬಿಯನ್ನು ಒಂದು ಪ್ಲಾಸ್ಟಿಕ್ ಚೀಲದೊಳಗೇ ಬಿಚ್ಚಿದೆವು, ಒಳಗಿನ ಗುಂಡು ಮತ್ತು ಸ್ಪ್ರಿಂಗ್ ಹಾರಿಹೋಗದಂತೆ. 15ರ ಕಾಂಟ್ಯಾಕ್ಟಿನಲ್ಲಿ ಗುಳಿ ಬಿದ್ದಿತ್ತು, ಅದರ ಬುಡದ ಪ್ಲಾಸ್ಟಿಕ್ ಕರಗಿ ಕಾಂಟ್ಯಾಕ್ಟ್ ಒಂದು ಬದಿಗೆ ಕುಸಿದಿತ್ತು. 50ರ ಕಾಂಟ್ಯಾಕ್ಟ್ ಕಪ್ಪಗಾಗಿತ್ತು. ಬೆಳಗ್ಗೆ ಸದ್ದಿಲ್ಲದೆ ಉಳಿಯುತ್ತಿದ್ದ ಸ್ಟಾರ್ಟರ್‌ಗೆ ಕಾರಣ ಅದು. ಸೊಲೆನಾಯ್ಡ್ ಎಳೆದುಕೊಳ್ಳುವ ಕ್ಷಣದಲ್ಲಿ ಬೇಕಾಗುವ ದೊಡ್ಡ ಕರೆಂಟು ಈ ಕಾರಿನಲ್ಲಿ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್) ಇಲ್ಲದೆ ನೇರವಾಗಿ ಸ್ವಿಚ್ಚಿನ ಮೂಲಕವೇ ಹೋಗುತ್ತಿತ್ತು.

ಈಗ ಆಯ್ಕೆಗಳು. ಹೊಸ ಸ್ವಿಚ್ ಸಿಗಲು ಸಮಯ ಬೇಕಿತ್ತು, ಒಡತಿಗೆ ಕಾರು ಬೇಕಿತ್ತು.

ಕಾಂಟ್ಯಾಕ್ಟುಗಳನ್ನು ಉಜ್ಜಿ ಮತ್ತೆ ಕೂರಿಸುವುದು ಒಂದು ದಾರಿ. ಪ್ಲಾಸ್ಟಿಕ್ ಗಟ್ಟಿಯಾಗಿದ್ದು ಆಕ್ಸೈಡ್ ಮಾತ್ರ ಕೂತಿದ್ದರೆ ಇದು ಬಾಳಿಕೆ ಬರುತ್ತದೆ. ಇಲ್ಲಿ ಕಾಂಟ್ಯಾಕ್ಟಿನ ನೆಲೆಯೇ ಕುಸಿದಿತ್ತು, ಸ್ಪ್ರಿಂಗ್ ಕಾದು ಬಿಗುವು ಕಳೆದುಕೊಂಡಿತ್ತು. ಆದರೂ ತಾತ್ಕಾಲಿಕವಾಗಿ ಇದನ್ನೇ ಮಾಡಿದೆವು, ಒಂದು ಷರತ್ತಿನ ಮೇಲೆ: ಹೊಸದು ಬರುವವರೆಗೆ ಫಾಗ್ ಲ್ಯಾಂಪ್ ಮತ್ತು ಡಿಫಾಗರ್ ಹಾಕುವಂತಿಲ್ಲ. ಮರೆತು ಹಾಕಿಬಿಡಬಹುದೆಂದು ಅವುಗಳ ವೈರುಗಳನ್ನೇ ಕಳಚಿಟ್ಟೆವು. ನಷ್ಟ 0.3ರಿಂದ 0.15ಕ್ಕೆ ಇಳಿಯಿತು. ಒಡತಿಗೆ ಅಂಕಿಯನ್ನು ತೋರಿಸಿ, ಇದು ನಿಲ್ಲುವಂಥದ್ದಲ್ಲ ಎಂದೂ ಹೇಳಿದೆ.

ಗುಜರಿಗೆ ಬಂದ ಕಾರಿನಿಂದ ಸ್ವಿಚ್ ತೆಗೆದು ಹಾಕುವ ಮಾತೂ ಬಂತು. ಅಷ್ಟೇ ವಯಸ್ಸಿನ, ಅಷ್ಟೇ ಸವೆದ ಇನ್ನೊಂದು ಸ್ವಿಚ್ಚಿನಿಂದ ಏನು ಲಾಭ ಎಂದು ಕೈಬಿಟ್ಟೆವು.

ಒಡತಿಯ ಅಣ್ಣ ಸೂಚಿಸಿದ್ದು ಇನ್ನೊಂದು: ಡ್ಯಾಶ್‌ಬೋರ್ಡಿಗೆ ಒಂದು ಸಾದಾ ಸ್ವಿಚ್, ಪಕ್ಕದಲ್ಲಿ ಸ್ಟಾರ್ಟರ್‌ಗೆ ಒಂದು ಗುಂಡಿ. ಹಲವರು ಮಾಡಿಸುತ್ತಾರೆ, ಕೆಲಸವೂ ಬೇಗ ಮುಗಿಯುತ್ತದೆ. ಇದಕ್ಕೆ ನಾನು ಒಪ್ಪಲಿಲ್ಲ. ಎಂಜಿನ್ ಗುಂಡಿಯಿಂದ ಓಡುತ್ತಿರುವಾಗ ಕೀಲಿಕೈ ಬೀಗದಲ್ಲಿ ಸುಮ್ಮನೆ ಕೂತಿರುತ್ತದೆ; ಯಾರಾದರೂ ಅದನ್ನು ಹಿಂದಕ್ಕೆ ತಿರುಗಿಸಿ ಹೊರತೆಗೆದರೆ ಎಂಜಿನ್ ಓಡುತ್ತಲೇ ಇರುತ್ತದೆ, ಸ್ಟೀರಿಂಗ್ ತಿರುಗಿಸಿದಾಗ ಅಗುಳಿ ಬಿದ್ದು ಬೀಗವಾಗುತ್ತದೆ. ಮೂಲ ಜೋಡಣೆಯಲ್ಲಿ ಎಂಜಿನ್ ಆರದೆ ಕೀಲಿಕೈ ಹೊರಬರದಂತೆ ಬೀಗವನ್ನೂ ಸ್ವಿಚ್ಚನ್ನೂ ಒಂದೇ ಅಚ್ಚಿನಲ್ಲಿ ಹೊಂದಿಸಿರುವುದು ಸುಮ್ಮನೆ ಅಲ್ಲ.

ಉಳಿದದ್ದು ಹೊಸ ಸ್ವಿಚ್. ಮೊದಲು ಬಂದದ್ದನ್ನು ಹಿಂದಕ್ಕೆ ಕಳುಹಿಸಿದೆವು. ಕೂರಿಸುವ ಮೊದಲು ಮೇಜಿನ ಮೇಲೆಯೇ ಸ್ಕ್ರೂಡ್ರೈವರ್‌ನಿಂದ ಒಂದೊಂದೇ ಸ್ಥಾನಕ್ಕೆ ತಿರುಗಿಸಿ, ಯಾವ ತುದಿ ಯಾವುದಕ್ಕೆ ಕೂಡುತ್ತದೆ ಎಂದು ಮೀಟರಿನಲ್ಲಿ ನೋಡಿದಾಗ, ಸ್ಟಾರ್ಟ್ ಸ್ಥಾನದಲ್ಲಿ 15ರ ಸಂಪರ್ಕ ತಪ್ಪುತ್ತಿತ್ತು. ಅದನ್ನು ಹಾಕಿದ್ದರೆ ಸ್ಟಾರ್ಟರ್ ತಿರುಗುವಷ್ಟು ಹೊತ್ತು ಕಿಡಿ ಇರುತ್ತಿರಲಿಲ್ಲ. ಕೀಲಿಕೈ ಬಿಟ್ಟ ಮೇಲೆ ಹೊತ್ತಿಕೊಂಡರೆ ಪುಣ್ಯ. ಹೊರಗಿನಿಂದ ನೋಡಿದರೆ ಹಳೆಯದಕ್ಕೂ ಇದಕ್ಕೂ ವ್ಯತ್ಯಾಸವಿರಲಿಲ್ಲ, ಕನೆಕ್ಟರ್ ಕೂಡ ಸರಿಯಾಗಿ ಕೂರುತ್ತಿತ್ತು. ಹೊಸ ಬಿಡಿಭಾಗವನ್ನು ಮೇಜಿನ ಮೇಲೆ ಪರೀಕ್ಷಿಸುವುದಕ್ಕೆ ಕೆಲವೇ ನಿಮಿಷ ಸಾಕು, ಕಾರಿನೊಳಗೆ ಬಗ್ಗಿ ಹುಡುಕುವುದಕ್ಕೆ ಅರ್ಧ ದಿನ. ಎರಡನೆಯದು ಎಲ್ಲ ಸ್ಥಾನಗಳಲ್ಲಿಯೂ ಸರಿಯಿತ್ತು.

ಕೂರಿಸುವಾಗ ಎರಡು ಎಚ್ಚರಗಳು. ಬೀಗದ ನಾಲಗೆ ಮತ್ತು ಸ್ವಿಚ್ಚಿನ ಸೀಳು ಒಂದೇ ಸ್ಥಾನದಲ್ಲಿರಬೇಕು, ಇಲ್ಲದಿದ್ದರೆ ಸ್ಕ್ರೂ ಬಿಗಿ ಮಾಡುವಾಗಲೇ ಬಿಲ್ಲೆ ಒಡೆಯುತ್ತದೆ. ಎರಡನೆಯದು ಕನೆಕ್ಟರ್. ಕಾದು ಸಡಿಲಾದ ಹಳೆಯ ಟರ್ಮಿನಲ್ಲುಗಳಿಗೆ ಹೊಸ ಸ್ವಿಚ್ ಚುಚ್ಚಿದರೆ ಶಾಖ ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ. ವೈರಿನ ಕಪ್ಪಾದ ತುದಿಯನ್ನು ಹೊಳೆಯುವ ತಾಮ್ರ ಕಾಣುವವರೆಗೆ ಕತ್ತರಿಸಿ, ಹೊಸ ಟರ್ಮಿನಲ್ ಹಾಕಿದೆವು.

ಕೀಲಿಕೈ

ಬೀಗದ ಕಡೆಯೂ ಒಂದು ದೂರಿತ್ತು, ಒಡತಿ ಅದನ್ನು ದೂರೆಂದು ಎಣಿಸಿರಲಿಲ್ಲ: ಎಂಜಿನ್ ಓಡುತ್ತಿರುವಾಗಲೇ ಕೀಲಿಕೈ ಹೊರಗೆ ಎಳೆಯಲು ಬರುತ್ತಿತ್ತು. ಸಿಲಿಂಡರ್ ಬದಲಿಸಬೇಕೆಂಬುದು ಸುಲಭದ ಉತ್ತರ. ಬದಲಿಸಿದರೆ ಬಾಗಿಲಿಗೊಂದು, ಇಗ್ನಿಷನ್ನಿಗೊಂದು ಕೀಲಿಕೈ ಆಗುತ್ತದೆ.

ಮನೆಯಲ್ಲಿ ಬಳಸದೆ ಇಟ್ಟಿದ್ದ ಎರಡನೆಯ ಕೀಲಿಕೈ ತರಲು ಹೇಳಿದೆ. ಅದು ಬೀಗದಲ್ಲಿ ಬಿಗಿಯಾಗಿ ತಿರುಗಿತು, ಆನ್ ಸ್ಥಾನದಲ್ಲಿ ಎಷ್ಟು ಎಳೆದರೂ ಬರಲಿಲ್ಲ. ಸವೆದದ್ದು ಹೆಚ್ಚಾಗಿ ದಿನಬಳಕೆಯ ಕೀಲಿಕೈಯೇ, ಬೀಗದ ಪಟ್ಟಿಗಳಲ್ಲ ಎಂದು ಗೊತ್ತಾಯಿತು. ಬಳಸದ ಕೀಲಿಕೈಯನ್ನು ಮಾದರಿಯಾಗಿಟ್ಟು ಹೊಸದೊಂದನ್ನು ಕತ್ತರಿಸಿಕೊಂಡರು. ಸವೆದ ಕೀಲಿಕೈಯಿಂದಲೇ ನಕಲು ಮಾಡಿಸಿದರೆ ಸವೆತವೂ ನಕಲಾಗುತ್ತದೆ. ಬೀಗಕ್ಕೆ ಎಣ್ಣೆ ಬಿಡಬೇಡಿ ಎಂದೂ ಹೇಳಿದೆ; ಎಣ್ಣೆ ಧೂಳನ್ನು ಹಿಡಿದು ಪಟ್ಟಿಗಳನ್ನು ಅಂಟಿಸುತ್ತದೆ, ಗ್ರಾಫೈಟ್ ಪುಡಿ ಸಾಕು.

ಹಳೆಯ ಕೀಲಿಕೈಯ ಜೊತೆಗೆ ಮನೆಯ, ಬೀರುವಿನ, ಕಚೇರಿಯ ಬೀಗದ ಕೈಗಳೆಲ್ಲ ಒಂದೇ ಬಳೆಯಲ್ಲಿ ತೂಗುತ್ತಿದ್ದವು. ಇದು ಸಣ್ಣ ವಿಷಯವೆಂದು ನಗುವವರಿಗೆ ಜನರಲ್ ಮೋಟಾರ್ಸ್ ಪ್ರಕರಣ ಹೇಳಬೇಕು. 2014ರಲ್ಲಿ ಆ ಕಂಪನಿ ಇಗ್ನಿಷನ್ ಸ್ವಿಚ್ ದೋಷಕ್ಕಾಗಿ ಸುಮಾರು 26 ಲಕ್ಷ ಸಣ್ಣ ಕಾರುಗಳನ್ನು ಹಿಂದಕ್ಕೆ ಕರೆಯಿತು. ಆ ಸ್ವಿಚ್ಚುಗಳಲ್ಲಿ ಆನ್ ಸ್ಥಾನದ ಹಿಡಿತ ಬೇಕಾದಷ್ಟು ಬಿಗಿಯಾಗಿರಲಿಲ್ಲ. ಕೀಲಿ ಗೊಂಚಲಿನ ಭಾರಕ್ಕೆ ಅಥವಾ ಒಂದು ಕುಲುಕಿಗೆ ಕೀಲಿಕೈ ಹಿಂದಕ್ಕೆ ಜಾರುತ್ತಿತ್ತು, ಎಂಜಿನ್ ನಿಲ್ಲುತ್ತಿತ್ತು, ಅಪಘಾತವಾದರೆ ಏರ್‌ಬ್ಯಾಗ್ ತೆರೆಯುತ್ತಿರಲಿಲ್ಲ. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ನಮ್ಮ ಪ್ರಕರಣದ ದೋಷ ಬೇರೆ ಬಗೆಯದು, ನಮ್ಮದು ಸವೆತ, ಆ ಕಂಪನಿಯದು ಹುಟ್ಟಿನಿಂದ ಬಂದದ್ದು. ಆದರೆ ಓಡುತ್ತಿರುವಾಗ ಇಗ್ನಿಷನ್ ಸತ್ತರೆ ಚಾಲಕನ ಪಾಡು ಎರಡರಲ್ಲಿಯೂ ಒಂದೇ. ಪವರ್ ಸ್ಟೀರಿಂಗ್ ಇದ್ದರೆ ಅದು ಭಾರವಾಗುತ್ತದೆ, ಬ್ರೇಕ್ ಒತ್ತಲು ನೆರವಾಗುವ ಬ್ರೇಕ್ ಬೂಸ್ಟರ್‌ನಲ್ಲಿ ಉಳಿದ ನಿರ್ವಾತ ಕೆಲವೇ ಒತ್ತುಗಳಿಗೆ ಸಾಕಾಗುತ್ತದೆ. ಬ್ರೇಕನ್ನು ಪದೇ ಪದೇ ಒತ್ತಿ ಬಿಡದೆ ಒಂದೇ ಸಮನೆ ಒತ್ತಿ ಹಿಡಿಯಬೇಕು. ಗಾಡಿ ಪೂರ್ತಿ ನಿಲ್ಲುವವರೆಗೆ ಕೀಲಿಕೈಯನ್ನು ಲಾಕ್ ಕಡೆಗೆ ತಿರುಗಿಸಲೇಬಾರದು.

ಹೊರೆ ಇಳಿಸಿದ್ದು

ಹೊಸ ಸ್ವಿಚ್ ಹಾಕಿ ಕಾರು ಕೊಟ್ಟುಬಿಡಬಹುದಿತ್ತು. ಒಡತಿಯೂ ಅದನ್ನೇ ನಿರೀಕ್ಷಿಸಿದ್ದರು. ಆದರೆ ಹಳೆಯ ಸ್ವಿಚ್ಚನ್ನು ಸುಟ್ಟ ಹೊರೆ ಹೊಸದರ ಮೇಲೂ ಬೀಳುವುದಿತ್ತು. ಫಾಗ್ ಲ್ಯಾಂಪ್‌ಗಳ ವೈರನ್ನು ಹಿಂಬಾಲಿಸಿದಾಗ ಅದು ಕಾಲಮ್ಮಿನ ಕೆಳಗೆ, ಸ್ವಿಚ್ಚಿನ ಹೊರಹೋಗುವ ವೈರಿಗೆ ಟೇಪಿನಿಂದ ಸುತ್ತಿಕೊಂಡಿತ್ತು. 55 ವಾಟ್‌ನ ಎರಡು ಬಲ್ಬುಗಳೆಂದರೆ 9 ಆಂಪಿಯರ್‌ಗೂ ಮೇಲೆ, ಕಾರು ತಯಾರಿಸಿದವರ ಲೆಕ್ಕದಲ್ಲಿ ಇಲ್ಲದ್ದು.

ಮೂರು ರಿಲೇ ಹಾಕಿದೆವು: ಫಾಗ್ ಲ್ಯಾಂಪಿಗೊಂದು, ಡಿಫಾಗರ್‌ಗೊಂದು, ಸ್ಟಾರ್ಟರ್ ಸೊಲೆನಾಯ್ಡ್‌ಗೊಂದು. ಈಗ ಕರೆಂಟ್ ಬ್ಯಾಟರಿಯಿಂದ ಫ್ಯೂಸ್ ಹಾದು ನೇರವಾಗಿ ರಿಲೇಗೆ ಬರುತ್ತದೆ. ಹಳೆಯ ವೈರು ರಿಲೇಯ ಸುರುಳಿಗೆ ಸಂಕೇತ ಕೊಡುತ್ತದೆ ಅಷ್ಟೇ. ಅದಕ್ಕೆ ಬೇಕಾದದ್ದು 0.2 ಆಂಪಿಯರ್‌ನಷ್ಟು. ಫ್ಯೂಸನ್ನು ಬ್ಯಾಟರಿಗೆ ಎಷ್ಟು ಸಾಧ್ಯವೋ ಅಷ್ಟು ಹತ್ತಿರ ಇಡಬೇಕು, ದಾರಿಯಲ್ಲಿ ವೈರು ಎಲ್ಲಿ ಉಜ್ಜಿ ಶಾರ್ಟ್ ಆದರೂ ಫ್ಯೂಸ್ ಮೊದಲು ಹೋಗುವಂತೆ. ಸ್ಟಾರ್ಟರ್‌ನ ರಿಲೇಗೆ ಡಯೋಡ್ ಇರುವ ಬಗೆಯನ್ನು ಆರಿಸಿದೆವು, ಸುರುಳಿ ಆರುವಾಗ ಏಳುವ ವೋಲ್ಟೇಜ್ ಹೊಸ ಸ್ವಿಚ್ಚಿನ 50ರ ಕಾಂಟ್ಯಾಕ್ಟಿನಲ್ಲಿ ಕಿಡಿ ಹಾರಿಸದಿರಲೆಂದು.

ಬ್ಲೋವರ್‌ಗೂ ರಿಲೇ ಹಾಕಬೇಕೇ ಎಂಬುದರ ಮೇಲೆ ನಮ್ಮಲ್ಲಿಯೇ ಭಿನ್ನಾಭಿಪ್ರಾಯವಿತ್ತು. ನನ್ನ ಜೊತೆಗಾರ ಹಾಕೋಣ ಎಂದ. ಬ್ಲೋವರ್ ಮತ್ತು ವೈಪರ್ ಮೂಲ ವಿನ್ಯಾಸದಲ್ಲಿಯೇ ಸ್ವಿಚ್ಚಿನ ಮೇಲಿದ್ದ ಹೊರೆ. ಹಳೆಯ ಕಾರಿನಲ್ಲಿ ಹೊಸ ವೈರಿಂಗ್ ಸೇರಿಸಿದಷ್ಟೂ ಮುಂದೆ ಹುಡುಕುವವನಿಗೆ ಕಷ್ಟ ಎಂಬುದು ನನ್ನ ವಾದ. ಬ್ಲೋವರ್ ಹಾಗೆಯೇ ಉಳಿಯಿತು. ಹಾಕಿದ ಮೂರು ರಿಲೇಗಳ ನಕ್ಷೆ ಬರೆದು ಫ್ಯೂಸ್ ಪೆಟ್ಟಿಗೆಯ ಮುಚ್ಚಳದ ಒಳಗೆ ಅಂಟಿಸಿದೆವು.

ಕೆಲಸ ಮುಗಿದ ದಿನ ಮಳೆಯ ಹೊರೆಯನ್ನೆಲ್ಲ ಹಾಕಿ ಅಳೆದಾಗ ಸ್ವಿಚ್ಚಿನ ನಷ್ಟ 0.1 ವೋಲ್ಟ್ ಇತ್ತು. ಮಂಕು ದೀಪ ಆರಿತ್ತು. ವೈಪರ್ ಎದ್ದು ಕಾಣುವಷ್ಟು ಚುರುಕಾಗಿತ್ತು, ಅದು ನಿಧಾನವಾಗಿದ್ದುದು ವಯಸ್ಸಿನಿಂದ ಎಂದೇ ಒಡತಿ ತಿಳಿದಿದ್ದರು.

ಅಂಕಿ ನೋಡಿ ಸಮಾಧಾನಪಟ್ಟರೂ, ಕೆರೆದ ಕಾಂಟ್ಯಾಕ್ಟ್ ಹೇಗೆ ಕೆಲವು ವಾರ ಮೋಸ ಮಾಡುತ್ತದೆ ಎಂದು ಈ ಕಾರಿನಲ್ಲಿಯೇ ನೋಡಿದ್ದೆವು. ಮಳೆಗಾಲ ಪೂರ್ತಿ ಮುಗಿದ ಮೇಲೆ ಒಮ್ಮೆ ಬರಲು ಹೇಳಿದ್ದೆ. ಬಂದರು, ಎಂಜಿನ್ ಎಲ್ಲಿಯೂ ನಿಂತಿರಲಿಲ್ಲ. ಅದೇ ತುದಿಗಳಲ್ಲಿ, ಅದೇ ಹೊರೆಯಲ್ಲಿ ಮತ್ತೆ ಅಳೆದಾಗ 0.12 ವೋಲ್ಟ್. ಬ್ಲೋವರನ್ನು ಪೂರ್ತಿ ವೇಗಕ್ಕಿಟ್ಟು ಕಾಯಿಸಿದರೂ ಅಂಕಿ ಕದಲಲಿಲ್ಲ. ಬ್ಲೋವರ್‌ನ ರಿಲೇ ವಿಷಯವನ್ನು ಮುಂದಿನ ವರ್ಷದ ಅಳತೆ ನೋಡಿ ತೀರ್ಮಾನಿಸುವುದೆಂದು ಬಿಟ್ಟಿದ್ದೇವೆ.